ವಿನಾಯಿತಿ ಬೇರೆ, ರಿಯಾಯಿತಿ ಬೇರೆ, ಜಮೆ ಬೇರೆ
(ಕತ್ತಲಗೆರೆಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಕತ್ತಲಗೆರೆಯಲ್ಲಿ ನಾವು ಸೇರಿದಾಗಲೆಲ್ಲ ಭತ್ತದ ತಳಿ, ಅಡಿಕೆಯ ರೋಗ, ಭದ್ರಾ ನಾಲೆಯ ನೀರು ಇವುಗಳ ಮಾತೇ ಹೆಚ್ಚು. ಇಂದು ತೆರಿಗೆಯ ಮಾತು. "ರೈತನಿಗೆ ಆದಾಯ ತೆರಿಗೆಯೇ ಇಲ್ಲವಲ್ಲ, ನಮಗೇಕೆ ಈ ಪಾಠ?" ಎಂದು ನಿಮ್ಮಲ್ಲಿ ಹಲವರು ಕೇಳುವಿರಿ. ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜ. 1961ರ ಕಾಯಿದೆಯಲ್ಲಿ ಹೀಗೆಯೇ ಇತ್ತು. ಅದರ ಬದಲಿಗೆ ಬಂದ 2025ರ ಕಾಯಿದೆಯಲ್ಲೂ ಹೀಗೆಯೇ ಇದೆ. ಆದರೆ ಇಂದು ಬರಿಯ ಬೇಸಾಯದಿಂದಲೇ ಬದುಕುವ ಮನೆಗಳು ಎಷ್ಟಿವೆ? ತೋಟದ ಜೊತೆಗೆ ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರದ ಅಂಗಡಿ, ಹೈನುಗಾರಿಕೆ, ಬ್ಯಾಂಕಿನ ಠೇವಣಿ ಇದ್ದೇ ಇರುತ್ತವೆ. ಇವು ಯಾವುವೂ ಕೃಷಿ ವರಮಾನವಲ್ಲ. ಹಾಲು, ಕೋಳಿ ಸಹ ಅಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಸಸಿಮಡಿಯಲ್ಲಿ ಬೆಳೆಸಿ ಮಾರಿದ ಅಡಿಕೆ ಸಸಿಯ ವರಮಾನ ಮಾತ್ರ ಕೃಷಿಗೇ ಸೇರುತ್ತದೆ.

ನಮ್ಮ ಚನ್ನಗಿರಿ ಸೀಮೆಯಲ್ಲಿ ಹೆಚ್ಚು ಗೊಂದಲವಾಗುವುದು ಖೇಣಿಯಲ್ಲಿ. ಸ್ವಂತ ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ ಅದು ಕೃಷಿಯೇ. ಬೆಳೆಗಾರ ತನ್ನ ಮಾಲನ್ನು ಮಾರುಕಟ್ಟೆಗೆ ಸಿದ್ಧಪಡಿಸುವ ವಾಡಿಕೆಯ ಕೆಲಸ ಅದು. ನೆರೆಯವರ ತೋಟದ ಫಸಲನ್ನು ಖೇಣಿ ಹಿಡಿದು, ಅದೇ ಒಲೆಯಲ್ಲಿ ಬೇಯಿಸಿ, ಅದೇ ಕಣದಲ್ಲಿ ಒಣಗಿಸಿದರೆ ಬಂದ ಲಾಭ ವ್ಯಾಪಾರದ್ದು. ಒಲೆ ಒಂದೇ, ಲೆಕ್ಕ ಎರಡು. ಈ ಎರಡನ್ನು ಒಂದೇ ಪುಸ್ತಕದಲ್ಲಿ ಬೆರೆಸಿದವರು ಮುಂದೆ ಬಿಡಿಸಲಾಗದೆ ಒದ್ದಾಡುತ್ತಾರೆ.

ಇನ್ನು ಒಂದು ಲೆಕ್ಕವನ್ನು ನೋಡೋಣ. ಒಬ್ಬ ರೈತರಿಗೆ 2025-26ರಲ್ಲಿ ತೋಟದಿಂದ ಖರ್ಚು ಕಳೆದು 9 ಲಕ್ಷ ರೂಪಾಯಿ ಬಂತೆನ್ನಿ. ಖೇಣಿಯ ಲಾಭ ಮತ್ತು ಠೇವಣಿಯ ಬಡ್ಡಿ ಸೇರಿ 5 ಲಕ್ಷ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಉಳಿದ 1 ಲಕ್ಷಕ್ಕೆ ಶೇಕಡ 5ರಂತೆ 5,000 ರೂಪಾಯಿ ಎಂದು ನೀವು ಲೆಕ್ಕ ಹಾಕಬಹುದು. ಅದು ಸರಿಯಲ್ಲ. ಕೆ.ಎನ್. ರಾಜ್ ಸಮಿತಿಯು 1972ರಲ್ಲಿ ಕೊಟ್ಟ ಸಲಹೆಯಂತೆ 1973ರ ಹಣಕಾಸು ಕಾಯಿದೆಯಲ್ಲಿ ಒಂದು ಕ್ರಮ ಬಂತು. ಕೃಷಿ ವರಮಾನಕ್ಕೆ ತೆರಿಗೆ ಹಾಕುವುದಿಲ್ಲ, ಆದರೆ ಉಳಿದ ವರಮಾನಕ್ಕೆ ದರ ಗೊತ್ತುಮಾಡುವಾಗ ಅದನ್ನು ಸೇರಿಸಿ ನೋಡುತ್ತಾರೆ. ಒಟ್ಟು 14 ಲಕ್ಷದ ಮೇಲಿನ ತೆರಿಗೆ 90,000. ಕೃಷಿಯ 9 ಲಕ್ಷಕ್ಕೆ ಆ 4 ಲಕ್ಷ ಸೇರಿಸಿದ 13 ಲಕ್ಷದ ಮೇಲೆ 75,000. ಇವುಗಳ ವ್ಯತ್ಯಾಸವಾದ 15,000 ರೂಪಾಯಿಯೇ ಇವರ ತೆರಿಗೆ.

ರಿಯಾಯಿತಿ ಬರುವುದು ಇಲ್ಲಿ. 2013ರಲ್ಲಿ ಕೇವಲ 2,000 ರೂಪಾಯಿಯಾಗಿ ಆರಂಭವಾದ ಈ ರಿಯಾಯಿತಿ, 2025-26ರ ವರಮಾನಕ್ಕೆ ಹೊಸ ಪದ್ಧತಿಯಲ್ಲಿ 60,000 ರೂಪಾಯಿಯವರೆಗೆ ಏರಿದೆ. ತೆರಿಗೆಗೆ ಒಳಪಡುವ ವರಮಾನ 12 ಲಕ್ಷ ಮೀರಿರಬಾರದು. ಈ 12 ಲಕ್ಷದಲ್ಲಿ ಕೃಷಿ ವರಮಾನ ಸೇರುವುದಿಲ್ಲ. ಆದ್ದರಿಂದ ನಮ್ಮ ರೈತರ 15,000 ಪೂರ್ತಿ ಬಿಟ್ಟುಹೋಗುತ್ತದೆ. ನಿವೇಶನ ಮಾರಿದ ಲಾಭದಂತಹ ವಿಶೇಷ ದರದ ವರಮಾನಕ್ಕೆ ಮಾತ್ರ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿ ಸಲ್ಲದು.

ತೆರಿಗೆ ಸೊನ್ನೆಯಾಯಿತೆಂದು ಸುಮ್ಮನಿರಬಾರದು. ಆ 5 ಲಕ್ಷದಲ್ಲಿ 80,000 ಬ್ಯಾಂಕಿನ ಬಡ್ಡಿ ಇದ್ದರೆ, ಬ್ಯಾಂಕು ಶೇಕಡ 10ರಂತೆ 8,000 ರೂಪಾಯಿಯನ್ನು ಮೊದಲೇ ಹಿಡಿದಿರುತ್ತದೆ; ಪ್ಯಾನ್ ಸಂಖ್ಯೆ ಕೊಡದಿದ್ದರೆ ಶೇಕಡ 20. ಈ ಹಣ ನಿಮ್ಮ ಹೆಸರಿಗೆ ಜಮೆಯಾಗಿ ಸರ್ಕಾರದಲ್ಲಿದೆ. ವಿವರ ಪತ್ರ ಸಲ್ಲಿಸಿ ಕೇಳಿದವರಿಗೆ ಹಿಂದಕ್ಕೆ ಬರುತ್ತದೆ, ಕೇಳದವರಿಗೆ ಇಲ್ಲ. ಹಿಂದೊಮ್ಮೆ ನಾನೇ ಅಸಡ್ಡೆಯಿಂದ ಅವಧಿ ಮೀರಿಸಿ ಇಂತಹ ಹಣ ಕಳೆದುಕೊಂಡಿದ್ದೇನೆ. ಅದು ಒಂದು ಹಂಗಾಮಿನ ಗೊಬ್ಬರದ ದುಡ್ಡು. ಕೃಷಿ ವರಮಾನ 5 ಲಕ್ಷ ಮೀರಿದವರು ಜಿಲ್ಲೆ, ಪಿನ್ ಕೋಡ್, ಜಮೀನಿನ ಎಕರೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಖುಷ್ಕಿಯೋ ಎಂಬುದನ್ನೂ ಬರೆಯಬೇಕಾಗುತ್ತದೆ.

ಅಂಗಡಿ ಇಟ್ಟವರಿಗೆ ಇನ್ನೊಂದು ಜಮೆ ಇದೆ. ಅದು 1 ಜುಲೈ 2017ರಿಂದ ಜಾರಿಯಲ್ಲಿರುವ ಜಿ.ಎಸ್.ಟಿ.ಯದು. ಒಂದು ಲಕ್ಷದ ಕೀಟನಾಶಕ ಕೊಳ್ಳುವಾಗ 18,000 ತೆರಿಗೆ ಕೊಟ್ಟಿರಿ. ಅದನ್ನು 1,10,000ಕ್ಕೆ ಮಾರಿ 19,800 ವಸೂಲು ಮಾಡಿದಿರಿ. ಸರ್ಕಾರಕ್ಕೆ ಕಟ್ಟುವುದು 1,800 ಮಾತ್ರ. ಆದರೆ ನಿಮಗೆ ಮಾರಿದವನು ಆ ಬಿಲ್ಲನ್ನು ತನ್ನ ವಿವರದಲ್ಲಿ ತೋರಿಸಿರಬೇಕು. 180 ದಿನದೊಳಗೆ ನೀವು ಅವನಿಗೆ ಹಣ ಕೊಟ್ಟಿರಬೇಕು. ಬಿಳಿ ಚೀಟಿಯ ಮೇಲೆ ಮಾಲು ತಂದವರಿಗೆ ಜಮೆ ಇಲ್ಲ. ಕಾಂಪೊಸಿಷನ್ ಪದ್ಧತಿಗೆ ಸೇರಿದವರಿಗೂ ಇಲ್ಲ. ನಮ್ಮ ರಾಜ್ಯದಲ್ಲಿ ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ.

ಅಡಿಕೆ ಹಾಳೆಯ ತಟ್ಟೆ ಮಾಡುವ ಹುಡುಗರು ಇಲ್ಲಿದ್ದಾರೆ, ಅವರಿಗೆ ಒಂದು ಕಹಿ ಮಾತು. 2019ರಿಂದ ಎಲೆ, ತೊಗಟೆಯ ತಟ್ಟೆಗಳಿಗೆ ಜಿ.ಎಸ್.ಟಿ. ಇಲ್ಲ. ಇಲ್ಲವಾದ್ದರಿಂದಲೇ ಇಲ್ಲಿ ಮಾರುವವರಿಗೆ, ಯಂತ್ರ ಕೊಂಡಾಗ ಕೊಟ್ಟ ತೆರಿಗೆಯ ಜಮೆಯೂ ಸಿಗುವುದಿಲ್ಲ. ನಾವು ಬೆಳೆಗಾರರ ಗತಿಯೂ ಅದೇ. ಸ್ವಂತ ಫಸಲು ಮಾರಲು ನೋಂದಣಿ ಬೇಡ. ಟ್ರ್ಯಾಕ್ಟರಿಗೆ, ಹನಿ ನೀರಾವರಿ ಸಾಮಗ್ರಿಗೆ ಕೊಟ್ಟ ತೆರಿಗೆ ಹಿಂದಕ್ಕೂ ಬಾರದು. ಸೆಪ್ಟೆಂಬರ್ 22, 2025ರಿಂದ ಈ ಎರಡರ ದರ ಶೇಕಡ 12ರಿಂದ 5ಕ್ಕೆ ಇಳಿದಿರುವುದು ಅಷ್ಟರಮಟ್ಟಿಗೆ ಸಮಾಧಾನ. ಯಂತ್ರದ ಬೆಲೆ ಲೆಕ್ಕ ಹಾಕುವಾಗ ತೆರಿಗೆ ಸೇರಿಸಿಯೇ ಹಾಕಿರಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಖೇಣಿಯ ಲೆಕ್ಕ ತಂದಿರುವವರು ಪಹಣಿಯನ್ನೂ ಬ್ಯಾಂಕಿನ ಪಾಸ್‌ಪುಸ್ತಕವನ್ನೂ ಕೈಯಲ್ಲಿ ಹಿಡಿದು ಮುಂದೆ ಬನ್ನಿ.