ಬೆಂಕಿಯ ಮೊದಲ ಹತ್ತು ನಿಮಿಷ: ಗಂಡ-ಹೆಂಡಿರ ಹೊಣೆ

(ನವನಗರದಲ್ಲಿ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದರೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ, ಇಷ್ಟೇ ಎಂಬ ಭಾವನೆ ಅನೇಕರಲ್ಲಿದೆ. ಹೆತ್ತ ಮಕ್ಕಳನ್ನೂ ಕಟ್ಟಿದ ಮನೆಯನ್ನೂ ಅಪಾಯದಿಂದ ಕಾಪಾಡಿಕೊಳ್ಳುವುದು ಸಹ ಕುಟುಂಬ ಕಲ್ಯಾಣದ ಅಂಗವೇ ಆಗಿದೆ. ಆದಕಾರಣ ಇಂದು ನಾನು ಬೆಂಕಿಯ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗೊಂದರಲ್ಲಿ ಸಂಭವಿಸಿದ ಮಹಾಸ್ಫೋಟದಲ್ಲಿ ಬೆಂಕಿ ಆರಿಸಲು ಹೋದ ಅನೇಕ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ನೆನಪಿಗಾಗಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಆ ಸೇವೆಯ ಬಗ್ಗೆ ನಮಗೆ ಗೌರವವಿರಬೇಕು. ಆದರೆ ಅದು ನಮ್ಮ ಬಾಗಿಲಿಗೆ ತಲುಪಲು ಹಿಡಿಯುವ ಹೊತ್ತನ್ನೂ ನಾವು ಲೆಕ್ಕ ಹಾಕಿರಬೇಕು.

ಹುಬ್ಬಳ್ಳಿ, ಧಾರವಾಡಗಳ ನಡುವೆ ಇರುವ ಈ ನವನಗರಕ್ಕೆ ಎರಡು ಊರುಗಳ ನೆರವೂ ಹತ್ತಿರ. ನಿಮ್ಮ ಹಳ್ಳಿಗಳಿಗೆ ಹಾಗಲ್ಲ. ಅಗ್ನಿಶಾಮಕ ವಾಹನ ತಾಲೂಕು ಕೇಂದ್ರದಿಂದ ಹೊರಡಬೇಕು. ಹಿಂಗಾರು ಸುಗ್ಗಿ ಮುಗಿದು ಎಲ್ಲೆಡೆ ಬಣವೆಗಳು ಎದ್ದಿರುವ ಬೇಸಿಗೆಯಲ್ಲಿ ಆ ವಾಹನ ಬೇರೊಂದು ಊರಿನ ಬಣವೆ ಆರಿಸಲು ಹೋಗಿರಬಹುದು. ಮಳೆಗಾಲದಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿದರೆ ಕೆಲವು ಊರುಗಳ ದಾರಿಯೇ ಕಡಿದುಹೋಗುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಆಸ್ಪತ್ರೆಗೆ ಹೋಗಲು ವಾಹನ ಸಿಗುವುದು ಎಷ್ಟು ಕಷ್ಟವಾಗಿತ್ತೆಂಬುದು ನಿಮಗೆ ಗೊತ್ತೇ ಇದೆ. ಇಂಥ ದಿನಗಳಲ್ಲಿ ಬೆಂಕಿಯ ಮೊದಲ ಹತ್ತು ನಿಮಿಷಗಳು ಸರ್ಕಾರದ ಕೈಯಲ್ಲಿರುವುದಿಲ್ಲ; ಮನೆಯಲ್ಲಿರುವ ಗಂಡ-ಹೆಂಡಿರ ಕೈಯಲ್ಲಿರುತ್ತವೆ.

ನೆರವು ಹತ್ತಿರವಿದ್ದರೂ ಅದೊಂದೇ ಸಾಲದೆಂಬುದಕ್ಕೆ ನಮ್ಮ ಹುಬ್ಬಳ್ಳಿಯೇ ಸಾಕ್ಷಿ. 2024ರ ಡಿಸೆಂಬರಿನಲ್ಲಿ ಒಂದು ರಾತ್ರಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಅಡುಗೆ ಅನಿಲ ಸೋರಿ ಬೆಂಕಿ ಹೊತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟ ಗಾಯಗಳಿಂದ ಕಿಮ್ಸ್ ಆಸ್ಪತ್ರೆಗೆ ದಾಖಲಾದರು. ದೊಡ್ಡ ಆಸ್ಪತ್ರೆ ಅದೇ ಊರಿನಲ್ಲಿತ್ತು, ವೈದ್ಯರು ಶ್ರಮಿಸಿದರು. ಆದರೂ ಕೆಲವೇ ದಿನಗಳಲ್ಲಿ ಎಂಟು ಮಂದಿ ಒಬ್ಬರ ನಂತರ ಒಬ್ಬರು ತೀರಿಕೊಂಡರು. ದೇಹದ ಬಹುಭಾಗ ಸುಟ್ಟ ಮೇಲೆ ವೈದ್ಯಶಾಸ್ತ್ರದ ಶಕ್ತಿಗೂ ಮಿತಿಯುಂಟು. ಬೆಂಕಿ ಹತ್ತದಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ.

ಅಡುಗೆಮನೆಯಲ್ಲಿ

ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ಅದು ಮೇಲೆ ಹೋಗದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ದೀಪದ ಕುಡಿ, ಬಚ್ಚಲ ಒಲೆಯ ಕೆಂಡ ಅಥವಾ ವಿದ್ಯುತ್ ಸ್ವಿಚ್ಚಿನ ಒಂದು ಕಿಡಿ ತಗುಲಿದರೂ ಸಾಕು, ಕೋಣೆಯೆಲ್ಲ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರನ್ನು ಮಲಗಿಸದೆ ನೇರವಾಗಿ ನಿಲ್ಲಿಸಿರಿ. ಒಲೆಯು ಸಿಲಿಂಡರಿಗಿಂತ ಎತ್ತರದಲ್ಲಿರಲಿ. ಸಿಲಿಂಡರ್ ಇರುವ ಕೋಣೆಯಲ್ಲಿ ಮಲಗಬೇಡಿರಿ. ಬೇರೆ ಕೋಣೆಯಿಲ್ಲದ ಮನೆಯವರು ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿಯೊಂದನ್ನು ತೆರೆದಿಡಬೇಕು. ರಬ್ಬರ್ ಕೊಳವೆ ಬಿರುಕುಬಿಟ್ಟಿದ್ದರೆ ಅಥವಾ ಅದರ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಬದಲಾಯಿಸಿರಿ. ಸೋರಿಕೆಯ ಅನುಮಾನ ಬಂದರೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಬರುವುದೇ ಎಂದು ನೋಡಬೇಕೇ ಹೊರತು ಕಡ್ಡಿ ಗೀರಿ ನೋಡಬಾರದು.

ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿರಿ, ಬಾಗಿಲು ಕಿಟಕಿ ತೆರೆಯಿರಿ, ಎಲ್ಲರೂ ಹೊರಗೆ ಬನ್ನಿರಿ. ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಹೊರಗೆ ಬಂದ ಮೇಲೆಯೇ ಫೋನು ಬಳಸಿರಿ. ಅನಿಲ ಸೋರಿಕೆಗಾಗಿ 1906 ಎಂಬ ಸಂಖ್ಯೆ ಇದೆ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿರಿ. ಉರಿಯುವ ಎಣ್ಣೆ ಸಿಡಿದು ಮೈಮೇಲೆ ಬರುತ್ತದೆ. ಒಲೆ ಆರಿಸಿ, ಬಾಣಲೆಯ ಮೇಲೆ ಅಗಲವಾದ ಮುಚ್ಚಳ ಮುಚ್ಚಿರಿ. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೂ ನೀರು ಸಲ್ಲದು. ಮೊದಲು ಮೇನ್ ಸ್ವಿಚ್ ತೆಗೆದು, ಒಣ ಮರಳು ಇಲ್ಲವೆ ಮಣ್ಣು ಎರಚಬೇಕು. ಅಡುಗೆ ಮಾಡುವಾಗ ಹತ್ತಿಯ ಬಟ್ಟೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಕ್ಷೇಮ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ.

ಹಿತ್ತಲಲ್ಲಿ ಮತ್ತು ಕಣದಲ್ಲಿ

ಕಣಕಿ, ಹೊಟ್ಟಿನ ಬಣವೆಗಳನ್ನು ಮನೆಗೂ ಕೊಟ್ಟಿಗೆಗೂ ತಾಗಿಸಿ ಒಟ್ಟಬೇಡಿರಿ. ವಿದ್ಯುತ್ ತಂತಿಯ ಕೆಳಗಂತೂ ಬೇಡವೇ ಬೇಡ. ಎಲ್ಲವನ್ನೂ ಒಂದೇ ಬಣವೆಯಾಗಿ ಒಟ್ಟುವುದಕ್ಕಿಂತ ನಡುವೆ ಜಾಗ ಬಿಟ್ಟು ಎರಡು ಮೂರಾಗಿ ಒಟ್ಟಿದರೆ, ಒಂದು ಸುಟ್ಟರೂ ದನಕರುಗಳಿಗೆ ಮೇವು ಉಳಿಯುತ್ತದೆ. ಕಣದಲ್ಲಿ ಬೀಡಿ ಸೇದಬಾರದು. ಒಲೆಯ ಬೂದಿಗೆ ನೀರು ಹಾಕಿ, ಕೆಂಡ ಆರಿದೆಯೆಂದು ನೋಡಿಯೇ ತಿಪ್ಪೆಗೆ ಚೆಲ್ಲಿರಿ. ಬೇಸಿಗೆಯಲ್ಲಿ ಎರಡು ಕೊಡ ನೀರು, ಒಂದು ಬುಟ್ಟಿ ಒಣ ಮಣ್ಣು ಸದಾ ಸಿದ್ಧವಿರಲಿ. ಔಷಧ ಸಿಂಪಡಿಸುವ ಪಂಪನ್ನು ಚೆನ್ನಾಗಿ ತೊಳೆದು ನೀರು ತುಂಬಿಟ್ಟರೆ ಸಣ್ಣ ಬೆಂಕಿಗೆ ಅದೂ ಒದಗುತ್ತದೆ. ಕೊಟ್ಟಿಗೆಯಲ್ಲಿ ಒಂದು ಕುಡಗೋಲು ಇರಲಿ. ಹಗ್ಗ ಬಿಚ್ಚುತ್ತ ಕೂಡದೆ ಕೊಯ್ದು ದನಗಳನ್ನು ಬಿಡಬಹುದು.

ಕೆಲಸದ ಹಂಚಿಕೆ

ಬೆಂಕಿ ಕಂಡಾಗ ಗಾಬರಿಯಾಗುವುದು ಸಹಜ. ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಕೂಗುತ್ತ ನಿಂತರೆ ಹೊತ್ತು ಕಳೆಯುತ್ತದೆ. ಆದ್ದರಿಂದ ಮೊದಲೇ ಕುಳಿತು ಮಾತನಾಡಿಕೊಳ್ಳಿರಿ. ಮಕ್ಕಳನ್ನೂ ವೃದ್ಧರನ್ನೂ ಹೊರಗೆ ತರುವವರು ಯಾರು? ರೆಗ್ಯುಲೇಟರನ್ನೂ ಮೇನ್ ಸ್ವಿಚ್ಚನ್ನೂ ಬಂದ್ ಮಾಡುವವರು ಯಾರು? ಎಲ್ಲರೂ ಬಂದು ಸೇರುವ ಸ್ಥಳ ಯಾವುದು, ಬೇವಿನ ಮರದ ಕೆಳಗೋ, ಗುಡಿಯ ಕಟ್ಟೆಯ ಬಳಿಯೋ? ಗಂಡಸರು ಹೊಲಕ್ಕೆ ಹೋದಾಗ ಮನೆಯಲ್ಲಿ ಹೆಂಗಸರಷ್ಟೇ ಇರುವುದುಂಟು. ಆದ್ದರಿಂದ ಮೇನ್ ಸ್ವಿಚ್ ತೆಗೆಯುವುದನ್ನು ಹೆಂಡತಿಯೂ, ರೆಗ್ಯುಲೇಟರ್ ತಿರುಗಿಸುವುದನ್ನು ಗಂಡನೂ ಕಲಿತಿರಬೇಕು.

ಹೊಗೆ ತುಂಬಿದ್ದರೆ ಬಗ್ಗಿ, ನೆಲ ಹಿಡಿದು ಹೊರಗೆ ಬನ್ನಿರಿ. ಉಸಿರಾಡಲು ತಕ್ಕ ಗಾಳಿ ನೆಲದ ಹತ್ತಿರವಿರುತ್ತದೆ. ಒಮ್ಮೆ ಹೊರಗೆ ಬಂದವರು ಹಣಕ್ಕಾಗಿ, ಒಡವೆಗಾಗಿ ಮತ್ತೆ ಒಳಹೋಗಬಾರದು. ಒಬ್ಬರು 101 ಅಥವಾ 112ಕ್ಕೆ, ಗಾಯಗಳಾಗಿದ್ದರೆ 108ಕ್ಕೂ ಫೋನು ಮಾಡಿ, ಊರಿನ ಹೆಸರು, ದಾರಿಯ ಗುರುತು, ಏನು ಉರಿಯುತ್ತಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಲಿ. ಇನ್ನೊಬ್ಬರು ಊರ ಬಾಗಿಲಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸಲಿ.

ಮೈಗೆ ಬೆಂಕಿ ಹತ್ತಿದಾಗ

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು; ಓಡಿದಷ್ಟೂ ಉರಿ ಹೆಚ್ಚುತ್ತದೆ. ನೆಲದ ಮೇಲೆ ಮಲಗಿ ಉರುಳಬೇಕು. ಹತ್ತಿರವಿದ್ದವರು ಕಂಬಳಿಯನ್ನೋ ದಪ್ಪನೆಯ ಹತ್ತಿಯ ಕೌದಿಯನ್ನೋ ಹೊದಿಸಿ ಉರಿ ಆರಿಸಬೇಕು. ಆರಿದ ಕೂಡಲೆ ಹೊದಿಕೆ ತೆಗೆದು, ಸುಟ್ಟ ಭಾಗದ ಮೇಲೆ ತಣ್ಣನೆಯ ಶುದ್ಧ ನೀರನ್ನು 20 ನಿಮಿಷಗಳ ಕಾಲ ಸುರಿಯಿರಿ. ಈ ನೀರು ಗಾಯ ಆಳಕ್ಕೆ ಇಳಿಯುವುದನ್ನು ತಡೆಯುತ್ತದೆ, ನೋವನ್ನೂ ತಗ್ಗಿಸುತ್ತದೆ. ಮಂಜುಗಡ್ಡೆ ಇಡಬೇಡಿರಿ. ಮಕ್ಕಳಿಗೆ ಚಳಿ ಹಿಡಿಯದಂತೆ ಉಳಿದ ಮೈಯನ್ನು ಹೊದಿಸಿರಿ. ಬಳೆ, ಉಂಗುರ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಪ್ರಾಣಕ್ಕಾಗಿ ಕಾಲುಂಗುರ ತೆಗೆಯುವುದರಲ್ಲಿ ಅಶುಭವೇನೂ ಇಲ್ಲ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿರಿ, ಗುಳ್ಳೆಗಳನ್ನು ಒಡೆಯಬೇಡಿರಿ. ಶಾಯಿ, ಅರಿಶಿನ, ಎಣ್ಣೆ, ಟೂತ್‌ಪೇಸ್ಟ್, ಸಗಣಿ ಇವು ಯಾವುವನ್ನೂ ಹಚ್ಚಬೇಡಿರಿ. ಇವುಗಳಿಂದ ಗಾಯ ಕೀವಾಗುವ ಭಯವಿದೆ. ಗಾಯದ ಆಳವೂ ವೈದ್ಯರಿಗೆ ತಿಳಿಯದಂತಾಗುತ್ತದೆ. ಒಗೆದು ಒಣಗಿಸಿದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆತನ್ನಿರಿ.

ಗಾಯವು ರೋಗಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲು, ಗುಪ್ತಾಂಗಗಳ ಮೇಲಿದ್ದರೆ, ವಿದ್ಯುತ್ತಿನಿಂದ ಆಗಿದ್ದರೆ, ಹೊಗೆ ಕುಡಿದಿದ್ದರೆ, ಗಾಯಗೊಂಡವರು ಮಗು, ಗರ್ಭಿಣಿ ಅಥವಾ ವೃದ್ಧರಾಗಿದ್ದರೆ ತಡಮಾಡಲೇಬಾರದು. 108 ಬರುವುದು ತಡವಾದರೆ ಸಿಕ್ಕ ವಾಹನದಲ್ಲೇ ಹೊರಡಿರಿ. ಪೊಲೀಸ್ ಕೇಸಾದೀತೆಂಬ ಅಂಜಿಕೆಯಿಂದ ಗಾಯಾಳುವನ್ನು ಮನೆಯಲ್ಲಿ ಬಚ್ಚಿಡುವುದು ಘೋರ ತಪ್ಪು. ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ.

ದಂಪತಿಗಳೇ, ಇಷ್ಟೆಲ್ಲವನ್ನೂ ಒಂದೇ ದಿನದಲ್ಲಿ ಮಾಡಲು ಆಗದಿರಬಹುದು. ಇಂದು ಮನೆಗೆ ಹೋದವರು ಮೂರು ಕೆಲಸ ಮಾಡಿರಿ. ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಿರಿ. 101, 108, 112, 1906 ಈ ನಾಲ್ಕು ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಬೆಂಕಿ ಬಿದ್ದರೆ ಯಾರು ಏನು ಮಾಡಬೇಕೆಂದು ಮಕ್ಕಳ ಎದುರಿಗೇ ಮಾತನಾಡಿಕೊಳ್ಳಿರಿ. ಉರಿ ಹತ್ತಿದ ಮೇಲೆ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದಾರೆ. ಬಾವಿ ತೋಡಲು ಇಂದಿನ ಸಂಜೆಯೇ ಸಕಾಲ.