ಐಫೆಲ್ ಟವರ್‌ಗೆ ಇದ್ದ ಎಕ್ಸ್‌ಪೈರಿ ಡೇಟ್

ಇವತ್ತು ಐಫೆಲ್ ಟವರ್ ಬಗ್ಗೆ ಮಾತಾಡೋಣ. ಅಯ್ಯೋ, ಅದು ಗೊತ್ತಿರೋದೇ ಅಲ್ವಾ ಅಂತ ಸ್ಕಿಪ್ ಮಾಡ್ಬೇಡಿ. ಪ್ಯಾರಿಸ್, ಪ್ರೀತಿ, ಸೆಲ್ಫಿ ಯಾವುದೂ ಇವತ್ತಿನ ಮಾತಲ್ಲಿ ಇಲ್ಲ. ನಾನು ಓದಿದ್ದು ಬಿ.ಕಾಂ. ಯಾವ ಕಟ್ಟಡ ನೋಡಿದ್ರೂ ನನಗೆ ಮೊದಲು ಹುಟ್ಟೋ ಪ್ರಶ್ನೆ ಒಂದೇ: ಇದಕ್ಕೆ ದುಡ್ಡು ಹಾಕಿದ್ದು ಯಾರು, ಅದು ವಾಪಸ್ ಬಂತಾ? ಈ ಗೋಪುರದ ವಿಷಯದಲ್ಲಿ ಈ ಪ್ರಶ್ನೆಗೆ ಬಹಳ ತೂಕ ಇದೆ. ಯಾಕಂದ್ರೆ ಅದಕ್ಕೊಂದು ಎಕ್ಸ್‌ಪೈರಿ ಡೇಟ್ ಇತ್ತು. 1909ರ ಡಿಸೆಂಬರ್ 31.

ಮೊದಲಿಂದ ಬರ್ತೀನಿ. 1889ಕ್ಕೆ ಫ್ರೆಂಚ್ ಕ್ರಾಂತಿಗೆ 100 ವರ್ಷ. ಆ ನೆಪದಲ್ಲಿ ಪ್ಯಾರಿಸ್‌ನಲ್ಲಿ ಒಂದು ವಿಶ್ವಮೇಳ. ಅದಕ್ಕೆ 300 ಮೀಟರ್ ಎತ್ತರದ ಕಬ್ಬಿಣದ ಗೋಪುರ ಕಟ್ಟಿದ್ರೆ ಹೇಗೆ ಅಂತ 1884ರಲ್ಲೇ ಸ್ಕೆಚ್ ಹಾಕಿದ್ದು ಗುಸ್ತಾವ್ ಐಫೆಲ್ ಅಲ್ಲ. ಅವರ ಕಂಪನಿಯಲ್ಲಿ ಕೆಲಸಕ್ಕಿದ್ದ ಇಬ್ಬರು ಎಂಜಿನಿಯರ್‌ಗಳು, ಮೊರಿಸ್ ಕೆಕ್ಲಾನ್ ಮತ್ತು ಎಮಿಲ್ ನೂಗಿಯೆ. ಕೆಳಗಿನ ಆ ಚೆಂದದ ಕಮಾನುಗಳನ್ನು ಸೇರಿಸಿದ್ದು ಸ್ತೆಫಾನ್ ಸೊವೆಸ್ತ್ರ್ ಎಂಬ ವಾಸ್ತುಶಿಲ್ಪಿ. ಐಫೆಲ್‌ಗೆ ಮೊದಮೊದಲು ಆಸಕ್ತಿಯೇ ಇರಲಿಲ್ಲ. ಆಮೇಲೆ ಇದರ ಬೆಲೆ ಅರ್ಥ ಆಯ್ತು, ಹಕ್ಕುಗಳನ್ನು ಕೊಂಡುಕೊಂಡರು. ಹೆಸರು ಯಾರದ್ದು ಉಳೀತು ಅಂತ ನಿಮಗೆ ಗೊತ್ತೇ ಇದೆ. ಆಫೀಸಲ್ಲಿ ಟೀಮ್ ಲೀಡ್ ಕೈಕೆಳಗೆ ಪಿಪಿಟಿ ಮಾಡೋವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರೆ ರಿಸ್ಕ್ ತಗೊಂಡಿದ್ದು ಐಫೆಲ್ಲೇ, ಅದನ್ನ ಒಪ್ಪಬೇಕು. 1887ರ ಜನವರಿ 8ರಂದು ಒಪ್ಪಂದ ಆಯ್ತು. ಅಂದಾಜು ವೆಚ್ಚ 65 ಲಕ್ಷ ಫ್ರಾಂಕ್. ಸರ್ಕಾರದ ಕಡೆಯಿಂದ ಸಿಕ್ಕಿದ್ದು ಬರೀ 15 ಲಕ್ಷ. ಉಳಿದದ್ದು ನೀನೇ ಹೊಂದಿಸ್ಕೋ. ಅದರ ಬದಲಿಗೆ ಮೇಳದ ದಿನಗಳಲ್ಲೂ, ಆಮೇಲೆ 20 ವರ್ಷವೂ ಟಿಕೆಟ್, ಹೋಟೆಲ್ ಎಲ್ಲದರ ಆದಾಯ ನಿನ್ನದು. ಅವಧಿ ಮುಗಿದ ಮೇಲೆ ಗೋಪುರ ನಗರದ ಸ್ವತ್ತು, ಇಟ್ಟುಕೊಳ್ಳಬಹುದು, ಕೆಡವಲೂಬಹುದು. ನಮ್ಮ ಹೈವೇ ಟೋಲ್‌ಗಳಲ್ಲಿ ಕಟ್ಟು, ನಡೆಸು, ಒಪ್ಪಿಸು ಅಂತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಇನ್ನೊಂದು ಸ್ವಾರಸ್ಯ: ಐಫೆಲ್ ಸಹಿ ಹಾಕಿದ್ದು ಕಂಪನಿಯ ಪರವಾಗಿ ಅಲ್ಲ, ಸ್ವಂತ ಹೆಸರಲ್ಲಿ. ನಗರದ ಪರ ಸಹಿ ಹಾಕಿದ ಅಧಿಕಾರಿ ಯುಜೀನ್ ಪೂಬೆಲ್. ಪ್ಯಾರಿಸ್‌ನಲ್ಲಿ ಮನೆಮನೆಗೆ ಕಸದ ಡಬ್ಬಿ ಕಡ್ಡಾಯ ಮಾಡಿದ್ದು ಇವರೇ. ಇವತ್ತಿಗೂ ಫ್ರೆಂಚ್‌ನಲ್ಲಿ ಕಸದ ಡಬ್ಬಿಗೆ ‘ಪೂಬೆಲ್’ ಅಂತಾನೇ ಹೆಸರು, ಪಾಪ!

ಕೆಲಸ ಶುರುವಾಗಿ ತಿಂಗಳೂ ಆಗಿರಲಿಲ್ಲ, ಫೆಬ್ರವರಿ 14ಕ್ಕೆ ಪತ್ರಿಕೆಯಲ್ಲಿ ಕಲಾವಿದರ ಪ್ರತಿಭಟನಾ ಪತ್ರ ಬಂತು. ಕಥೆಗಾರ ಮೊಪಾಸಾ, ಸಂಗೀತಗಾರ ಗುನೊ, ಪ್ಯಾರಿಸ್ ಒಪೆರಾ ಕಟ್ಟಿದ ಗಾರ್ನಿಯೆ, ಎಲ್ಲ ಘಟಾನುಘಟಿಗಳು. ಊರಿನ ಅಂದ ಕೆಡುತ್ತೆ ಅನ್ನೋದು ಅವರ ಸಿಟ್ಟು.

ಇತ್ತ ಕೆಲಸ ನಿಲ್ಲಲಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಒಟ್ಟು 18,038 ಕಬ್ಬಿಣದ ಬಿಡಿಭಾಗಗಳು, 25 ಲಕ್ಷ ರಿವೆಟ್‌ಗಳು, 7,300 ಟನ್ ಕಬ್ಬಿಣ. ಅಷ್ಟನ್ನೂ ಪ್ಯಾರಿಸ್ ಪಕ್ಕದ ಲೆವಾಲ್ವಾ-ಪೆರೆಯ ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ತಂದು ಜೋಡಿಸಿದ್ರು. ಸೈಟಲ್ಲಿ ತೂತು ಹೊಂದಲಿಲ್ಲ ಅಂದ್ರೆ ಅಲ್ಲೇ ಉಜ್ಜಿ ಸರಿಮಾಡೋ ಹಾಗಿಲ್ಲ, ಪೀಸ್ ವಾಪಸ್ ಕಾರ್ಖಾನೆಗೆ. ಒಂದೊಂದು ರಿವೆಟ್‌ಗೆ ನಾಲ್ಕು ಜನ: ಒಬ್ಬ ಕಾಯಿಸಬೇಕು, ಒಬ್ಬ ಹಿಡಿಯಬೇಕು, ಒಬ್ಬ ತಲೆ ರೂಪಿಸಬೇಕು, ಇನ್ನೊಬ್ಬ ಸುತ್ತಿಗೆಯಿಂದ ಬಡಿಯಬೇಕು.

ನಾಲ್ಕು ಕಾಲುಗಳೂ ಓರೆಯಾಗಿ ಮೇಲೇಳ್ತವೆ ಅಲ್ವಾ, ಅವು ಸುಮಾರು 57 ಮೀಟರ್ ಎತ್ತರದಲ್ಲಿ ಒಂದೇ ಮಟ್ಟಕ್ಕೆ ಬಂದು ಸೇರಬೇಕು. ಸ್ವಲ್ಪ ತಪ್ಪಿದ್ರೂ ಮೇಲಿನದ್ದೆಲ್ಲ ವಾಲುತ್ತೆ. ಅದಕ್ಕೆ ಅವರು ಮಾಡಿದ ಉಪಾಯ ನೋಡಿ. ಕಾಲುಗಳ ಬುಡದಲ್ಲಿ ನೀರಿನ ಒತ್ತಡದಿಂದ ನಡೆಯೋ ಜ್ಯಾಕ್‌ಗಳು. ಮೇಲೆ ಮರದ ಅಟ್ಟಣಿಗೆ ಮೇಲೆ ಮರಳು ತುಂಬಿದ ಪೆಟ್ಟಿಗೆಗಳು. ಕಾಲು ಎತ್ತಬೇಕಾ, ಜ್ಯಾಕ್ ಒತ್ತಿ. ತೊಲೆ ಇಳಿಸಬೇಕಾ, ಪೆಟ್ಟಿಗೆಯಿಂದ ಮರಳು ಸ್ವಲ್ಪ ಸ್ವಲ್ಪ ಬಿಡಿ. 1887ರ ಡಿಸೆಂಬರ್‌ನಲ್ಲಿ ನಾಲ್ಕೂ ಕಾಲು ಕೂಡಿಕೊಂಡವು.

1888ರಲ್ಲಿ ಕೆಲಸಗಾರರು ಮುಷ್ಕರ ಹೂಡಿದ್ರು. ಎತ್ತರ ಹೆಚ್ಚಾದ ಹಾಗೆ ಚಳಿ, ಗಾಳಿ, ಅಪಾಯ ಎಲ್ಲ ಹೆಚ್ಚು. ಕೂಲಿ ಏರಿಸಿ ಅಂದ್ರು. ಐಫೆಲ್ ಏರಿಸಲೇಬೇಕಾಯ್ತು. ನ್ಯಾಯವಾಗಿಯೇ ಇತ್ತು ಅಂತ ನನ್ನ ಅನಿಸಿಕೆ.

1889ರ ಮಾರ್ಚ್ 31ಕ್ಕೆ ಗೋಪುರ ಮುಗೀತು. ಎರಡು ವರ್ಷ, ಎರಡು ತಿಂಗಳು, ಐದು ದಿನ. ಲಿಫ್ಟ್ ಇನ್ನೂ ರೆಡಿ ಇರಲಿಲ್ಲ, ಹಾಗಾಗಿ ಐಫೆಲ್ ಅಷ್ಟೂ ಮೆಟ್ಟಿಲು ಹತ್ತಿ ಹೋಗಿ ತುದಿಯಲ್ಲಿ ಬಾವುಟ ಹಾರಿಸಿದ್ರು. ಒಟ್ಟು ಖರ್ಚು ಸುಮಾರು 78 ಲಕ್ಷ ಫ್ರಾಂಕ್ ಆಗಿತ್ತು. ತುದಿಯವರೆಗಿನ ಟಿಕೆಟ್ 5 ಫ್ರಾಂಕ್. ಮೇಳದ ಆರು ತಿಂಗಳಲ್ಲಿ ಹತ್ತಿದವರು ಸುಮಾರು 20 ಲಕ್ಷ ಜನ, ಬಂದದ್ದು ಸುಮಾರು 59 ಲಕ್ಷ ಫ್ರಾಂಕ್. ಸರ್ಕಾರದ 15 ಲಕ್ಷ ಕೂಡಿಸಿ. ಕಟ್ಟಿದ ಖರ್ಚಿನ ಹತ್ತಿರಕ್ಕೇ ಬಂತು. ನಾನು ಇದನ್ನ ಮೂರು ಸಲ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದೆ.

ಆದ್ರೆ ಮೇಳ ಮುಗೀತು, ಜನ ಕಡಿಮೆಯಾದ್ರು. ಅಷ್ಟರಲ್ಲಿ ಪನಾಮಾ ಕಾಲುವೆ ಹಗರಣ ಬಂತು. ಅಲ್ಲಿನ ಗುತ್ತಿಗೆ ಹಿಡಿದಿದ್ದ ಐಫೆಲ್‌ಗೆ 1893ರಲ್ಲಿ ಎರಡು ವರ್ಷ ಜೈಲು ಶಿಕ್ಷೆ ಆಯ್ತು; ಮೇಲಿನ ಕೋರ್ಟ್ ಅದನ್ನ ರದ್ದು ಮಾಡ್ತು. ಅವರು ಕಂಪನಿಯಿಂದ ದೂರ ಸರಿದರು. ಆಗ ಅವರ ಹತ್ತಿರ ಇದ್ದದ್ದು ಈ ಗೋಪುರ, ಮತ್ತೆ ಓಡ್ತಾ ಇದ್ದ ಆ 20 ವರ್ಷದ ಗಡುವು.

ಚೆಂದ ಇದೆ, ಉಳಿಸಿ ಅಂದ್ರೆ ಯಾರೂ ಕೇಳಲ್ಲ ಅಂತ ಅವರಿಗೆ ಗೊತ್ತಿತ್ತು. ಉಪಯೋಗ ತೋರಿಸಬೇಕು. ಗೋಪುರದ ಮೇಲೆ ಹವಾಮಾನ ಅಳೆದರು, ವಸ್ತುಗಳನ್ನು ಕೆಳಗೆ ಬಿಟ್ಟು ಗಾಳಿಯ ಒತ್ತಡ ಲೆಕ್ಕ ಹಾಕಿದರು. 1898ರಲ್ಲಿ ಯುಜೀನ್ ದ್ಯುಕ್ರೆತೆ ಅಲ್ಲಿಂದ 4 ಕಿಲೋಮೀಟರ್ ದೂರದ ಪ್ಯಾಂಥಿಯಾನ್‌ಗೆ ತಂತಿಯಿಲ್ಲದೆ ಸಂದೇಶ ಕಳಿಸಿದ್ರು. ಐಫೆಲ್ ಅದನ್ನ ಬಿಡ್ತಾರಾ? ಸೇನೆಯ ಕ್ಯಾಪ್ಟನ್ ಗುಸ್ತಾವ್ ಫೆರಿಯೆಗೆ ರೇಡಿಯೊ ಪ್ರಯೋಗ ಮಾಡಿ, ಖರ್ಚು ನನ್ನದು ಅಂದ್ರು. ಸಂದೇಶ ತಲುಪೋ ದೂರ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಈಗ ಅದು ಸೇನೆಗೆ ಬೇಕಾದ ಆಂಟೆನಾ. ಅದನ್ನ ಕೆಡವೋರು ಯಾರು? 1910ರ ಜನವರಿ 1ರಿಂದ ಒಪ್ಪಂದ ಇನ್ನೂ 70 ವರ್ಷಕ್ಕೆ ನವೀಕರಣ ಆಯ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಸೇನೆಯ ಸಂದೇಶಗಳನ್ನ ಕದ್ದು ಕೇಳಿದ್ದೂ ಇಲ್ಲಿಂದಲೇ.

ಇಷ್ಟೆಲ್ಲ ಆದ ಮೇಲೂ 1925ರಲ್ಲಿ ವಿಕ್ಟರ್ ಲಸ್ಟಿಗ್ ಎಂಬ ವಂಚಕ ಇದನ್ನ ಗುಜರಿಗೆ ಮಾರ್ತೀವಿ ಅಂತ ನಂಬಿಸಿ ಒಬ್ಬ ವ್ಯಾಪಾರಿಗೆ ಟೋಪಿ ಹಾಕಿದ. ಆ ಕಥೆ ಮುಂದಿನ ವಾರ.