ಗಾಜು ತೆವಳಿದರೆ ಮೋಟಾರನ್ನು ಬೈಯಬೇಡಿ

ಬೇಸಿಗೆ ಬಂತೆಂದರೆ ಈ ಮಾಲೆಗೆ ಕೇಳುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕುರ್ಡಿಯವರು ಕೇಳುತ್ತಾರೆ, ಮಾನ್ವಿಯವರು ಕೇಳುತ್ತಾರೆ, ದೇವದುರ್ಗದವರು ಕೇಳುತ್ತಾರೆ. ರಾಯಚೂರು ಪೇಟೆಯಲ್ಲಿ ದಾರಿಗೆ ಅಡ್ಡ ನಿಲ್ಲಿಸಿಯೂ ಕೇಳುತ್ತಾರೆ. "ಹಳೇ ಕಾರು ಇದೆ. ಪವರ್ ವಿಂಡೋ ಗಾಜು ಇಳಿಯುತ್ತದೆ, ಏರುವಾಗ ಮಾತ್ರ ಅರ್ಧದಲ್ಲೇ ಏದುಸಿರು ಬಿಡುತ್ತದೆ. ಕೈ ಹಚ್ಚಿ ಎತ್ತಬೇಕು. ಮೋಟಾರು ಬದಲಿಸಬೇಕೇ?"

ಬೇಡ. ಇವತ್ತಂತೂ ಬೇಡ.

ಕೇಳುವವರ ಕಾರುಗಳೂ ಹೆಚ್ಚುಕಡಿಮೆ ಅವೇ: ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ, 1991ರಲ್ಲಿ ಬಂದ ಟಾಟಾ ಸಿಯೆರಾ, 1994ರಿಂದೀಚಿನ ಮಾರುತಿ ಎಸ್ಟೀಮ್. ಅಂಬಾಸಿಡರ್ ಇಟ್ಟುಕೊಂಡವರು ಪುಣ್ಯವಂತರು, ಹಿಡಿಕೆ ತಿರುವಿದರೆ ಮುಗಿಯಿತು. ಸಿಯೆರಾದವರ ಪಾಡು ನನಗೆ ಗೊತ್ತು, ನನ್ನ ಮನೆಯಲ್ಲೂ ಕೆಎ-36 ಫಲಕದ ಒಂದು ನಿಂತಿದೆ. ಅದರ ಹಿಂಬದಿಯ ಬಾಗುಗಾಜು ತೆರೆಯುವುದೇ ಇಲ್ಲ. ಮುಂದಿನ ಎರಡು ಗಾಜುಗಳು ಮುಷ್ಕರ ಹೂಡಿ, ಏಸಿಯೂ ಕೈಕೊಟ್ಟರೆ, ಮೇ ತಿಂಗಳ ನಮ್ಮೂರ ಬಿಸಿಲಲ್ಲಿ ಒಳಗೆ ಕೂತವರ ಗತಿ ಏನು ಹೇಳಿ.

ಗ್ಯಾರೇಜಿಗೆ ಹೋದರೆ ಬರುವ ಉತ್ತರ ಒಂದೇ: "ಮೋಟ್ರು ಹೋಗ್ಯಾದ್ರಿ, ಹೊಸಾದು ಹಾಕ್ರಿ." ನನ್ನ ಗೆಳೆಯರೊಬ್ಬರು ತಮ್ಮ ಕಾಂಟೆಸ್ಸಾಗೆ ಹೀಗೆ ಮೋಟಾರು ಹಾಕಿಸಿದರು. ಒಂದು ವಾರ ಗಾಜು ಚುರುಕಾಗಿ ಓಡಿತು, ಆಮೇಲೆ ಮತ್ತದೇ ತೆವಳಾಟ. ಮತ್ತೊಂದು ಮೋಟಾರು ಹಾಕಿಸಿದರು. ಗ್ಯಾರೇಜಿನವರು ಮೋಸ ಮಾಡಿದರೆಂದಲ್ಲ. ಅವರು ಮೀಟರ್ ಹಿಡಿದು ನೋಡಿಯೇ ಹೇಳಿದ್ದರು. ನೋಡಿದ ಹೊತ್ತು ತಪ್ಪಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತು. ಮಾನ್ವಿ, ಸಿರವಾರ ಕಡೆಯ ಟೇಲ್‌ಎಂಡ್, ಅಂದರೆ ಕಾಲುವೆ ಕೊನೆಯ ರೈತರು ಪ್ರತಿ ಹಂಗಾಮಿನಲ್ಲೂ ಕೇಳುವುದು 104ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟಿದೆ ಎಂದು. ಯಾಕೆ? ಮೇಲೆ ಡ್ಯಾಮಿನಿಂದ ಎಷ್ಟು ಬಿಟ್ಟರು ಎನ್ನುವುದರಿಂದ ಅವರ ಹೊಲ ನೆನೆಯುವುದಿಲ್ಲ. ದಾರಿಯಲ್ಲಿ ಎಷ್ಟು ಉಳಿಯಿತು ಎನ್ನುವುದು ಮುಖ್ಯ. ತೂಬುಗಳೆಲ್ಲ ಮುಚ್ಚಿ ನೀರು ನಿಂತಿದ್ದರೆ ಕೊನೆಯ ತನಕ ಮಟ್ಟ ಸರಿಯಾಗಿಯೇ ಕಾಣುತ್ತದೆ. ನೀರು ಹರಿಯತೊಡಗಿದಾಗಲೇ ಹೂಳು ಎಲ್ಲಿದೆ, ಸೋರಿಕೆ ಎಲ್ಲಿದೆ ಎಂದು ಬಯಲಾಗುವುದು.

ನಿಮ್ಮ ಬಾಗಿಲೊಳಗಿನ ಮೋಟಾರು ಟೇಲ್‌ಎಂಡಿನಲ್ಲಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ದಾಟಿ, ಸ್ವಿಚ್ಚಿನೊಳಗಿನ ಪಾಯಿಂಟ್ ದಾಟಿ, ಬಾಗಿಲ ಕೀಲಿನ ಹತ್ತಿರ ರಬ್ಬರ್ ಕೊಳವೆಯಲ್ಲಿ ಮಡಚಿ ಮಡಚಿ ದಣಿದ ವೈರು ದಾಟಿ ಅಲ್ಲಿಗೆ ಬರಬೇಕು. ಅಷ್ಟೇ ಅಲ್ಲ, ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಹಳೆಯ ಎಷ್ಟೋ ಕಾರುಗಳಲ್ಲಿ ಎಡಬದಿಯ ಗಾಜಿನ ಕರೆಂಟು ಕೂಡ ಡ್ರೈವರ್ ಪಕ್ಕದ ಮಾಸ್ಟರ್ ಸ್ವಿಚ್ಚನ್ನು ಸುತ್ತಿಕೊಂಡೇ ಓಡಾಡುತ್ತದೆ. ಹಾಗಾಗಿ ಎಡಗಡೆ ಗಾಜು ನಿಧಾನವಾದರೆ ರೋಗ ಬಲಗಡೆ ಇರಬಹುದು.

ಲೆಕ್ಕ ನೋಡಿ. ಗಾಜು ಏರುವಾಗ ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ ಎನ್ನೋಣ. ದಾರಿಯಲ್ಲಿ ಒಟ್ಟು ಕಾಲು ಓಂ ಅಡ್ಡಿ ಇದ್ದರೆ ಸಾಕು, 2 ವೋಲ್ಟ್ ಅಲ್ಲೇ ಖರ್ಚು. ಗಾಜು ಬಿಗಿಯಾದಷ್ಟೂ ಮೋಟಾರು ಹೆಚ್ಚು ಕರೆಂಟು ಕೇಳುತ್ತದೆ, ಹೆಚ್ಚು ಕೇಳಿದಷ್ಟೂ ದಾರಿಯಲ್ಲಿ ಹೆಚ್ಚು ಪೋಲು. ಬಲ ಬೇಕಾದ ಹೊತ್ತಿಗೇ ಬಲ ಸಿಗುವುದಿಲ್ಲ. ಮುಕ್ಕಾಲು ಏರಿದ ಗಾಜು ಅಲ್ಲಿಗೇ ನಿಲ್ಲುವುದು ಇದಕ್ಕೇ.

ಈಗ ಆ ಮೀಟರ್ ಕಥೆ. ಪ್ಲಗ್ ಕಿತ್ತು, ಬರೀ ವೈರಿಗೆ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸಿಯೇ ತೋರಿಸುತ್ತದೆ. ಕರೆಂಟೇ ಹರಿಯದಿದ್ದರೆ ಪೋಲಾಗುವುದಾದರೂ ಏನು? ಅದನ್ನು ನೋಡಿ "ವೈರಿಂಗ್ ಸರಿ ಇದೆ, ಮೋಟಾರೇ ಹೋಗಿದೆ" ಎನ್ನುವುದು ದೊಡ್ಡ ದಡ್ಡತನ. ಮತ್ತೊಮ್ಮೆ ಹೇಳುತ್ತೇನೆ: ಪ್ಲಗ್ ಕೀಳಬೇಡಿ. ಮೋಟಾರಿಗೆ ಸಿಕ್ಕಿಸಿದ ಹಾಗೇ ಇರಲಿ, ಮೀಟರಿನ ಎರಡು ಮುಳ್ಳುಗಳನ್ನು ಪ್ಲಗ್ಗಿನ ಹಿಂಬದಿಯಿಂದ ತಾಗಿಸಿ, ಒಬ್ಬರು ಸ್ವಿಚ್ ಒತ್ತಲಿ, ಗಾಜು ಏರುತ್ತಿರುವಾಗ ಓದಿ. ಏರುತ್ತಿರುವಾಗ! ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 9 ಬಂದರೆ ಮೋಟಾರು ನಿರಪರಾಧಿ. ಇಲ್ಲೂ 11ಕ್ಕಿಂತ ಮೇಲೆ ಇದ್ದು ಗಾಜು ತೆವಳುತ್ತಿದ್ದರೆ ಆಗ ಗಾಜಿನ ದಾರಿಯನ್ನೂ ಮೋಟಾರನ್ನೂ ಅನುಮಾನಿಸಿ. ಮೀಟರ್ ಇಲ್ಲವೇ? ಫ್ಯೂಸ್ ಹಾಕಿದ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಮೋಟಾರಿಗೆ ಕೊಟ್ಟು ನೋಡಿ. ಗಾಜು ಸರ್ರನೆ ಏರಿತೋ, ತೀರ್ಮಾನವಾಯಿತು.

ನನ್ನ ಸಿಯೆರಾದ ಸ್ವಿಚ್ ಬಿಚ್ಚಿದಾಗ ಒಳಗಿನ ತಾಮ್ರದ ಪಾಯಿಂಟುಗಳು ಮಸಿಯಂತೆ ಕಪ್ಪಾಗಿದ್ದವು, ಹಳೆಯ ಗ್ರೀಸು ಬಿಸಿಲಿಗೆ ಬೆಂದು ಗಟ್ಟಿಯಾಗಿತ್ತು, ಒಂದು ಪಾಯಿಂಟಿನ ಸುತ್ತ ಪ್ಲಾಸ್ಟಿಕ್ ಕರಗಿ ಓರೆಯಾಗಿತ್ತು. ನಯವಾದ ಮರಳುಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸ್ವಲ್ಪ ಕಾಲ ನಡೆಯುತ್ತದೆ. ಗಟ್ಟಿ ಪರಿಹಾರ ಬೇಕೆಂದರೆ ರಿಲೇ ಹಾಕಿಸಿ. ಒಂದೊಂದು ಗಾಜಿಗೆ ಎರಡು, ಐದು ಕಾಲಿನವು. ಬ್ಯಾಟರಿಯಿಂದ ಫ್ಯೂಸ್ ಸಮೇತ 2.5 ಚದರ ಮಿಲಿಮೀಟರಿನ ಹೊಸ ವೈರು ರಿಲೇಗೆ ಬರಲಿ, ಹಳೆಯ ಸ್ವಿಚ್ ರಿಲೇಯನ್ನು ಎಬ್ಬಿಸುವ ಸಣ್ಣ ಕರೆಂಟನ್ನಷ್ಟೇ ಹೊರಲಿ. ಒಳ್ಳೆ ಆಟೊ ಎಲೆಕ್ಟ್ರೀಷಿಯನ್ನಿಗೆ ಅರ್ಧ ದಿನದ ಕೆಲಸ.

ಕೆಲವರು ದೊಡ್ಡ ಫ್ಯೂಸ್ ಹಾಕಿದರೆ ಗಾಜು ಜೋರಾಗಿ ಓಡುತ್ತದೆ ಎಂದು ನಂಬಿದ್ದಾರೆ. ಅದು ಗಾಜನ್ನು ಓಡಿಸುವುದಿಲ್ಲ, ವೈರನ್ನು ಸುಡುತ್ತದೆ. ಆ ಮಾತು ಅಲ್ಲಿಗೆ ಬಿಡಿ.

ಗಾಜಿನ ದಾರಿಯ ವಿಷಯ ಬೇಗ ಮುಗಿಸುತ್ತೇನೆ, ಸಮಯ ಓಡುತ್ತಿದೆ. ನಮ್ಮ ಕಡೆ ಗಾಜು ಜಾರುವ ರಬ್ಬರ್ ಚಾನೆಲ್ಲಿನಲ್ಲಿ ಎರೆಮಣ್ಣಿನ ಧೂಳು, ರೈಸ್‌ಮಿಲ್ಲಿನ ಹೊಟ್ಟು, ಹತ್ತಿಯ ಎಳೆ ಎಲ್ಲ ಸೇರಿ ಗಟ್ಟಿ ಪದರವಾಗಿ ಕೂತಿರುತ್ತದೆ. ಅದಕ್ಕೆ ಎಂಜಿನ್ ಆಯಿಲ್, ಸೀಮೆಎಣ್ಣೆ ಸುರಿಯುತ್ತಾರಲ್ಲ, ಅವರಿಗೆ ಏನನ್ನೋಣ! ರಬ್ಬರ್ ಉಬ್ಬುತ್ತದೆ, ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತದೆ. ಒದ್ದೆ ಬಟ್ಟೆಯನ್ನು ತೆಳು ಪಟ್ಟಿಗೆ ಸುತ್ತಿ ಚಾನೆಲ್ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದ ಮೇಲೆ ಬ್ಲೇಡಿನಿಂದ ಕೆರೆದು ತೆಗೆದವರು ಗಾಜಿನ ಕೆಳಅಂಚು ನೋಡಿ, ಅಲ್ಲಿ ಹಳೆಯ ಅಂಟು ಉಳಿದು ಫೆಲ್ಟ್ ಪಟ್ಟಿಯನ್ನು ಕಚ್ಚುತ್ತಿರಬಹುದು. ಬಾಗಿಲ ತಳದಲ್ಲಿ ಮಳೆನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಅವು ಕಟ್ಟಿದರೆ ಮೋಟಾರು ನೀರಿನ ತೇವದಲ್ಲೇ ಕೂತು ತುಕ್ಕು ಹಿಡಿಯುತ್ತದೆ.

ಒಂದು ಎಚ್ಚರಿಕೆ, ಇದರಲ್ಲಿ ಸಲಿಗೆ ಬೇಡ. ಗಾಜನ್ನು ಎತ್ತಿಳಿಸುವ, ಕತ್ತರಿಯಂತೆ ಮಡಚುವ ರೆಗ್ಯುಲೇಟರ್ ಇರುವ ಬಾಗಿಲುಗಳಲ್ಲಿ ಗಾಜಿನ ಭಾರ ಹೊರಲು ಬಿಗಿಯಾದ ಸ್ಪ್ರಿಂಗ್ ಇರಬಹುದು. ರೆಗ್ಯುಲೇಟರ್ ತೋಳನ್ನು ಬೋಲ್ಟಿನಿಂದ ಕಟ್ಟಿಹಾಕದೆ ಮೋಟಾರು ಬಿಚ್ಚಿದರೆ ಹಲ್ಲುಚಕ್ರ ಒಮ್ಮೆಲೇ ತಿರುಗುತ್ತದೆ. ಬೆರಳು ಅಲ್ಲಿದ್ದರೆ ಬೆರಳು ಹೋಯಿತು. ಅಭ್ಯಾಸ ಇಲ್ಲದವರು ಮೀಟರ್ ಹಿಡಿಯುವ ಕೆಲಸಕ್ಕೆ ನಿಲ್ಲಿಸಿ, ಬಿಚ್ಚುವುದನ್ನು ಬಲ್ಲವರಿಗೆ ಬಿಡಿ.

ಇಷ್ಟೆಲ್ಲ ನೋಡಿದ ಮೇಲೂ ಮೋಟಾರೇ ಸೋತಿದೆ ಎಂದಾದರೆ, ಎಷ್ಟೋ ಸಲ ಸವೆದಿರುವುದು ಒಳಗಿನ ಕಾರ್ಬನ್ ಬ್ರಷ್. ಮೋಟಾರ್ ವೈಂಡಿಂಗ್ ಮಾಡುವವರು ಅಳತೆಗೆ ತಕ್ಕ ಬ್ರಷ್ ಕೂರಿಸಿಕೊಡುತ್ತಾರೆ. ಸಿಯೆರಾಕ್ಕೆ, ಕಾಂಟೆಸ್ಸಾಗೆ ಅಸಲಿ ಮೋಟಾರು ಈಗ ಸುಲಭಕ್ಕೆ ಸಿಗುವುದಿಲ್ಲ. ಹೊಸದನ್ನು ಹಾಕಿಸಿದರೂ ಸರಿ, ಬಿಚ್ಚಿದ ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಕೇಳಿ ಪಡೆದು ಮನೆಗೆ ತನ್ನಿ.